ಆರಿಸದ ಮುಸುರೆ

ಮುಳಗುಂದ, ಶುಕ್ರವಾರ

ರೋಜಾ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ನಿನ್ನ ಗಂಡ ಅರ್ಜುನನ ಕೈಯಲ್ಲಿ ನಿನ್ನ ತವರಿಗೆ ಈ ಕಾಗದ ಕಳಿಸಿದ್ದೇನೆ. ಅತ್ತೆ ಬರೆದದ್ದೆಂದು ಹರಿಯಬೇಡ.

ತಾಯಿ ಹಂದಿ ಸತ್ತು ಆರು ದಿನವಾಯಿತು. ಒಂಬತ್ತು ಮರಿಗಳಲ್ಲಿ ಏಳು ಉಳಿದಿವೆ. ಗೋವಿನಜೋಳದ ಗಂಜಿಗೆ ಹಾಲು ಬೆರೆಸಿ ಇಟ್ಟರೆ ಮೂಸಿ ಹೋಗುತ್ತವೆ. ಹೋದ ವರ್ಷ ಸೊರಗಿದ ಮರಿಗೆ ನೀನು ಬೆರಳು ಅದ್ದಿ ಕುಡಿಸುತ್ತಿದ್ದೆ. ನಾನೂ ಹಾಗೆ ಮಾಡಿ ನೋಡಿದೆ, ಹೊಟ್ಟೆ ತುಂಬ ಕುಡಿಯಲೊಲ್ಲವು. ಮೂರು ದಿನದಿಂದ ನಾನು ಬೆನ್ನು ನೆಲಕ್ಕೆ ಹಚ್ಚಿಲ್ಲ.

ನೀನು ಹೋದ ಮೇಲೆ ಡಾಕ್ಟರ್ ಬಂದು ಹಂದಿಯನ್ನು ಕೊಯ್ದು ನೋಡಿದರು. "ಉಪ್ಪು ಹೆಚ್ಚಾಗಿ ಸತ್ತೈತಿ ಯವ್ವಾ. ಮದಿವಿ ಮುಸುರ್‍ಯಾಗಿನ ಉಪ್ಪಿನಕಾಯಿ ಆರಿಸಿ ತಗೀಬೇಕಿತ್ತು" ಎಂದರು. ಐದು ದಿನ ಆ ಮಾತನ್ನು ಯಾರಿಗೂ ಹೇಳಲಿಲ್ಲ.

ಮದುವೆ ಮನೆಯಿಂದ ತಂದ ಮುಸುರೆಯಲ್ಲಿ ನೀನು ಅದನ್ನು ಆರಿಸುತ್ತಲೇ ಕುಳಿತಿದ್ದೆ. "ಹಂದಿಗೇನು ಪಂಕ್ತಿ ಹಾಕಿ ಬಡಸ್ತೀಯೇನ? ಜಲ್ದಿ ಏಳ" ಎಂದು ಬಕೀಟು ಕಸಿದು ಬಾನಿಗೆ ಸುರಿದವಳು ನಾನು. ಹಂದಿ ಸತ್ತಾಗ ಓಣಿಯವರ ಮುಂದೆ "ಎಲ್ಲಾ ಸೊಸಿ ಕೈಗುಣ" ಎಂದವಳೂ ನಾನೇ.

ಅವತ್ತು ನಿಂತು ಕೇಳಿದವರ ಮನೆಗೆಲ್ಲ ಇವತ್ತು ಹೋದೆ. ಮುಸುರೆ ಸುರಿದದ್ದು ನಾನು ಎಂದು ಹೇಳಿದೆ. ಕೊನೆಯ ಮನೆಯವರು ಕುಂಡ್ರು ಎಂದರು, ಕೂಡಲಿಲ್ಲ.

ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬರದಿದ್ದರೆ ಗಂಜಿ ಎಷ್ಟು ತೆಳ್ಳಗಿರಬೇಕು, ಎಷ್ಟು ಬೆಚ್ಚಗಿರಬೇಕು ಎಂದು ಅರ್ಜುನನಿಗೆ ಹೇಳಿಕೊಡು. ಮರಿಗಳು ಕಾಯುವ ಹಾಗಿಲ್ಲ. ಬಂದರೆ ಬಕೀಟು ನಿನ್ನದು. ನಾನು ಮುಟ್ಟುವುದಿಲ್ಲ.

ನಿನ್ನ ಅತ್ತೆ
ಶಂಕ್ರೆವ್ವ