ಅಪ್‌ಡೇಟ್ ಮುಗಿಯುವವರೆಗೆ ಈ ಬಾಗಿಲು

ಅಮ್ಮಾ,

ರಾತ್ರಿ ಎರಡೂವರೆಗೆ ರೂಮಿನ ಬಾಗಿಲಿಗೆ ರುಬ್ಬುಗುಂಡು ಅಪ್ಪಳಿಸಿದ ಸದ್ದಿಗೆ ಎಚ್ಚರವಾಯಿತು. "ತೆಗೀತೀಯೋ, ಇಬ್ರನ್ನೂ ಇಲ್ಲೇ ಮುಗಿಸ್ಲೋ?" ಅಂತ ನಿನ್ನ ಅಳಿಯ ಕಿರುಚುತ್ತಿದ್ದಾನೆ. ಚಾಮರಾಜಪೇಟೆಯ ಈ ಹಳೇ ಮನೆಯಲ್ಲಿ ಸಿಗ್ನಲ್ ಸಿಗುವುದು ಬೀದಿ ಕಿಟಕಿಯ ಹತ್ತಿರ ಮಾತ್ರ, ಅದು ಅವನಿರುವ ಕಡೆ. ಅಪ್‌ಡೇಟ್ ಮಾಡಿದರೆ ಒಳಗೂ ನೆಟ್‌ವರ್ಕ್ ಬರುತ್ತದೆ ಎಂದು ಮೊಬೈಲ್ ಅಂಗಡಿಯವನು ಹೇಳಿದ್ದು ನೆನಪಾಗಿ, ಮೊದಲೇ ಡೌನ್‌ಲೋಡ್ ಆಗಿ ಕೂತಿದ್ದ ಅದನ್ನೇ ಗಾಬರಿಯಲ್ಲಿ ಒತ್ತಿಬಿಟ್ಟೆ. ಈಗ ಫೋನೇ ಸತ್ತಂತಿದೆ. ಪರದೆಯ ಮೇಲೆ ಗೆರೆಯೊಂದು ತೆವಳುತ್ತಿದೆ. ಮಗು ನನ್ನ ಕತ್ತು ಬಿಡುತ್ತಿಲ್ಲ. ಬಾಗಿಲ ಹಲಗೆ ಸೀಳಿತು.

ಹೋದ ವರ್ಷ ಅವನು ನನ್ನ ಕೈ ಮುರಿದಾಗ ನೀನು "ಹೊಂದ್ಕೊಂಡು ಹೋಗು ಪುಟ್ಟಿ" ಅಂದೆ, ಆಮೇಲೆ ನೀನೇ ತೀರಿಕೊಂಡೆ. ನಿನ್ನ ನಂಬರ್ ಇನ್ನೂ ಅಳಿಸಿಲ್ಲ. ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡಮ್ಮ, "ಬಾಗ್ಲು ತೆಗೀಬೇಡ" ಅಂತ ಹೇಳು.