ಹತ್ತು ಗಂಟೆ ಹತ್ತು ನಿಮಿಷ

೧೨ ನವೆಂಬರ್, ಭಾನುವಾರ

ಪ್ರೀತಿಯ ಪುಟ್ಟಿಗೆ, ನಿನ್ನ ಭಾವನ ಆಶೀರ್ವಾದ.

ನಾನು ಇದ್ದೇನೆ. ನಿನ್ನಕ್ಕ ಹೋದ ಮೇಲೆ ನೀನು ಬರೆದ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಹನ್ನೊಂದು ತಿಂಗಳು! ಬಸ್ ಡಿಪೋದಲ್ಲಿ ಹನ್ನೊಂದು ನಿಮಿಷ ತಡವಾದರೂ ಡ್ರೈವರಿಂದ ಕಾರಣ ಬರೆಸಿಕೊಳ್ಳುತ್ತಿದ್ದ ಟೈಮ್‌ಕೀಪರ್ ನಾನು. 'ಐ ಬೆಗ್ ಟು ಸ್ಟೇಟ್ ದಟ್' ಅಂತ ಶುರು ಮಾಡಿ ಅಂತ ಅವರಿಗೆ ಹೇಳಿಕೊಟ್ಟವನೂ ನಾನೇ. ಅದರ ಮುಂದಿನದು ನನಗೂ ಬರುತ್ತಿರಲಿಲ್ಲ ಬಿಡು.

ಊಟ ಮೆಸ್ಸಿನಿಂದ ಬರುತ್ತದೆ. ಮಂಡಿ ನೋವು ಹಾಗೇ ಇದೆ. ನಿಮ್ಮಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕು ಅಂತ ಅಕ್ಕತಂಗಿ ಆರು ವರ್ಷ ಮಾತು ಬಿಟ್ಟಿದ್ದಿರಲ್ಲ, ಈಗ ಅದರ ಮೇಲೆ ನನ್ನ ಮಾತ್ರೆ ಡಬ್ಬಿ ಕೂತಿದೆ.

ನೀನು ಮೂರು ಕಾಗದದಲ್ಲೂ ಕೇಳಿದ್ದು ಒಂದೇ: 'ನಾನು ಬರ್ತಿದ್ದೀನಿ ಅಂತ ಅಕ್ಕನಿಗೆ ಗೊತ್ತಿತ್ತಾ ಭಾವ?' ಗೊತ್ತಿತ್ತು. ನೀನು ಫೋನಿನಲ್ಲಿ 'ನಾಳೆ ನಿಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರಕ್ಕೆ ನನ್ನ ವಿಮಾನ' ಅಂದೆ, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆಸ್ಪತ್ರೆಯಲ್ಲಿ ಮಲಗಿದ್ದವಳಿಗೆ ಹೇಳಿದೆ. ಮುಖ ಅರಳಿತು ಕಣೇ. 'ಎಷ್ಟೊತ್ತಿಗೆ ಇಳೀತಾಳೆ?' ಅಂದಳು. ಫೋನಿನಲ್ಲೇ ಹುಡುಕಿದೆ. ನಿಮ್ಮೂರಿನ ವಿಮಾನ ನಿಲ್ದಾಣಕ್ಕೂ ನಮ್ಮದಕ್ಕೂ ಎಂಟು ಸಾವಿರದ ನೂರ ತೊಂಬತ್ತು ಕಿಲೋಮೀಟರ್, ಹಾರಾಟಕ್ಕೆ ಹತ್ತು ಗಂಟೆ ಹತ್ತು ನಿಮಿಷ. 'ಆಸ್ ದಿ ಕ್ರೋ ಫ್ಲೈಸ್', ಕಾಗೆ ಹಾರಿದ ಹಾಗೆ ನೇರ ದೂರ, ಅಂತ ಕಾಲೇಜಿನಲ್ಲಿ ಕಲಿತದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು ಅಂತ ಹಿಗ್ಗಿದೆ ಬೇರೆ. 'ನಾಲ್ಕು ಹತ್ತಕ್ಕೆ ಇಳೀತಾಳೆ, ಐದಕ್ಕೆ ನಿನ್ನ ಮಗ್ಗುಲಲ್ಲಿ' ಅಂದೆ. 'ನಿಮ್ಮ ಬಸ್ಸು ಯಾವತ್ರೀ ಹೇಳಿದ ಹೊತ್ತಿಗೆ ಬಂದಿತ್ತು?' ಅಂತ ಆ ನೋವಲ್ಲೂ ಚುಚ್ಚಿದಳು. ಆದರೆ ನಂಬಿದಳು.

ಮರುದಿನ ಮಧ್ಯಾಹ್ನ ನರ್ಸ್ ನೋವಿನ ಇಂಜೆಕ್ಷನ್ ತಂದರೆ ಬೇಡ ಅಂದಳು. ಹಾಕಿದರೆ ನಿದ್ದೆ ಬಂದುಬಿಡುತ್ತದಲ್ಲ. 'ಐದರವರೆಗೆ ತಾನೇ, ತಡ್ಕೋತೀನಿ.' ಮಂಚದ ಕಂಬಿ ಹಿಡಿದು ತಡೆದುಕೊಂಡಳು. ನಾನು ಗಂಟೆ ಹೇಳುತ್ತಾ ಕೂತೆ. 'ಯಜಮಾನ್ರೇ, ಇದೇನು ಬಸ್ ಸ್ಟ್ಯಾಂಡಾ?' ಅಂದಳು ನರ್ಸ್. ಐದಾಯಿತು, ಆರಾಯಿತು. ವಾರ್ಡಿನಲ್ಲಿ ಫೋನ್ ಬಂದ್ ಮಾಡಿಸಿದ್ದರು, ದಾರಿಯಿಂದ ನೀನು ಕಳಿಸಿದ ಸಂದೇಶ ನಾನು ನೋಡಿದ್ದು ಅವಳ ಕಾರ್ಯವೆಲ್ಲ ಮುಗಿದ ಮೇಲೆ. ಆರೂವರೆಗೆ ಅವಳೇ 'ಸೂಜಿ ಹಾಕ್ಸಿ' ಅಂದಳು. ಮತ್ತೆ ಕಣ್ಣು ಬಿಡಲಿಲ್ಲ.

ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ, ಮಧ್ಯದಲ್ಲಿ ಇಳಿದು ಒಂಬತ್ತು ಗಂಟೆ ಕಾದು ಇನ್ನೊಂದು ಹತ್ತಬೇಕು ಅಂತ ನನಗೆ ತಿಳಿದದ್ದು ನೀನು ಬೆಳಗಿನ ಜಾವ ಚೀಲ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಾಗ. ಮೂವತ್ತೊಂದು ವರ್ಷ ಪ್ರಯಾಣಿಕರಿಗೆ ಗದರಿದ್ದೇನೆ: 'ಓಡೋ ಹೊತ್ತೊಂದೇ ಹಿಡೀಬೇಡಿ ಸ್ವಾಮಿ, ನಿಲ್ಲೋ ಹೊತ್ತೂ ಸೇರಿಸಿ.' ಅವತ್ತು ನಾನೇ ಸೇರಿಸಲಿಲ್ಲ. ನೀನು ತಡ ಮಾಡಲಿಲ್ಲ ಪುಟ್ಟಿ, ಒಂದು ನಿಮಿಷವೂ.

ನಿನಗೂ ನಿನ್ನವರಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಟೈಮ್‌ಕೀಪರ್ ಭಾವ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸೂಜಿ ಹಾಕ್ಸಿ ಅನ್ನುವ ಮೊದಲು ಅವಳು, 'ವಿಮಾನ ಹತ್ತೇ ಇಲ್ಲ ಅವಳು. ಸಿಟ್ಟಿನ್ನೂ ಇಳಿದಿಲ್ಲ. ಬರಲ್ಲ, ಅಲ್ವಾ?' ಅಂತ ಕೇಳಿದಳು.

ನಾನು ಗಡಿಯಾರ ನೋಡಿದೆ. 'ಹೂಂ' ಅಂದೆ.