ಸೀಮೆಎಣ್ಣೆ ತೊಟ್ಟಿಕ್ಕಿದ ಬೆಳಿಗ್ಗೆ

ಗುರುವಾರ, ಊಟದ ಬಿಡುವು

ಸಿಟ್ಟಿನಲ್ಲಿರುವ ಅಮ್ಮನಿಗೆ, ಮಗಳ ಪ್ರೀತಿ.

ಇವತ್ತು ಬೆಳಿಗ್ಗೆ ಮಾವನ ಗ್ಯಾರೇಜಿನ ಬೆಂಚಿನ ಮೇಲೆ ಸೀಮೆಎಣ್ಣೆಯ ಒಂದು ತೊಟ್ಟು ಕಂಡೆ. ಶಾಲಾ ವ್ಯಾನಿನ ಎಂಜಿನ್ನಿಗೆ ಮುಚ್ಚಳದಂತಿರುವ ಹೆಡ್ಡನ್ನು ಮಗುಚಿಟ್ಟು, ಅದರ ಗುಳಿಗಳಿಗೆ ಮಾವ ಸೀಮೆಎಣ್ಣೆ ಸುರಿದಿದ್ದರು. ಗುಳಿಯ ತೂತು ಮುಚ್ಚುವ ವಾಲ್ವ್ ತನ್ನ ಸೀಟಿನಲ್ಲಿ ಸರಿಯಾಗಿ ಕೂತಿದ್ದರೆ ಒಂದು ಹನಿಯೂ ಕೆಳಗಿಳಿಯಬಾರದು.

ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಹೂಂಗುಟ್ಟುತ್ತೇನೆ. ಅದಕ್ಕೇ ಈ ಕಾಗದ, ಸಂಜೆಯ ಬಸ್ಸಿನವರ ಕೈಲಿ ಕಳಿಸುತ್ತೇನೆ. ಭಾನುವಾರ ಗಂಡಿನ ಕಡೆಯವರು ಬರುತ್ತಾರೆ, ನಾನು ಇಲ್ಲಿ ಲೆಕ್ಕ ಬರೆಯುತ್ತೇನೆಂದು ಅವರಿಗೆ ಹೇಳಿದ್ದೀಯಂತೆ. ಶನಿವಾರವೇ ನನ್ನನ್ನು ಬಸ್ಸು ಹತ್ತಿಸು, ಮತ್ತೆ ಬೆಂಚಿನ ಹತ್ತಿರ ಬಿಡಬೇಡ ಎಂದು ನಿನ್ನ ತಮ್ಮನಿಗೂ ತಾಕೀತು ಮಾಡಿದ್ದೀಯ. ಮಾವ ಪಾಪ, ನಿನ್ನ ಮಾತಿಗೆ ಎದುರಾಡುವವರಲ್ಲ.

ಆ ತೊಟ್ಟನ್ನು ತೋರಿಸಿದೆ. ಎಂಜಿನ್ ಓಡುತ್ತಾ ಓಡುತ್ತಾ ತಾನೇ ಕೂತುಕೊಳ್ಳುತ್ತದೆ, ಡ್ರೈವರ್ ಕಾಯುತ್ತಿದ್ದಾನೆ ಅಂದರು ಮಾವ. ಓದಿದ ಹುಡುಗಿಯ ಕೈಗೆ ಸಿಕ್ಕರೆ ನನ್ನ ವ್ಯಾನು ಪಾಸಾಗುವುದು ಯಾವ ಕಾಲಕ್ಕೆ ಎಂದು ಡ್ರೈವರೂ ನಕ್ಕ. ಬಸ್ಸಿನಲ್ಲಿ 'ಇಳೀಬೇಕು' ಎಂದು ಕೂಗಲು ನಾಚಿ ಮುಂದಿನ ಸ್ಟಾಪಿನಲ್ಲಿ ಇಳಿಯುವವಳಲ್ಲವೇ ನಾನು? ಆದರೂ ಬಾಯಿಂದ ಬಂದೇಬಿಟ್ಟಿತು:

"ಮಾವ, ತೊಳೆಯೋವಾಗ ಎರಡು ವಾಲ್ವ್ ಅದಲುಬದಲಾಗಿವೆ, ಗುರುತು ನೋಡಿ. ಬೇಜಾರು ಮಾಡ್ಕೊಂಡ್ರೂ ಸರಿ, ನಾನು ಬಿಚ್ತೀನಿ."

ಒಂದೊಂದು ವಾಲ್ವನ್ನೂ ತರಿತರಿ ಪೇಸ್ಟು ಹಚ್ಚಿ ಅದರದೇ ಸೀಟಿನಲ್ಲಿ ತಿರುಗಿಸಿ ತಿರುಗಿಸಿ ಉಜ್ಜಿರುತ್ತೇವೆ. ಇನ್ನೊಂದರ ಜಾಗದಲ್ಲಿ ಅದು ಕೂರುವುದಿಲ್ಲ. ಇದರಲ್ಲಿ ಮದುವೆಯ ಉಪಮೆ ಹುಡುಕಬೇಡ. ಸಾಹಿತ್ಯ ಓದಿದವಳು ನಾನು, ನೀನಲ್ಲ.

ಮಾವ ಮುಖ ಊದಿಸಿಕೊಂಡು ಡ್ರೈವರ್ ಜೊತೆ ಟೀ ಕುಡಿಯುತ್ತಾ ಬೆನ್ನು ಹಾಕಿ ಕೂತರು. ನಾನು ಸ್ಪ್ರಿಂಗ್ ಬಿಚ್ಚಿ, ಎರಡನ್ನೂ ಅವುಗಳ ಜಾಗಕ್ಕೆ ತಂದು, ಇನ್ನೊಂದು ಸಲ ಉಜ್ಜಿ, ತೊಳೆದು ಕೂರಿಸಿದೆ. ಸೀಮೆಎಣ್ಣೆ ಸುರಿದು ಕಾದೆ. ಮಾವ ಎದ್ದು ಬಂದು ಕೆಳಗೆ ಬೆರಳಾಡಿಸಿದರು, ಮೂಸಿದರು. ಒಣಗಿತ್ತು. ನನ್ನನ್ನು ಹೊಗಳಲಿಲ್ಲ. ಮೂಲೆಯಲ್ಲಿದ್ದ ಟ್ರ್ಯಾಕ್ಟರಿನ ಹೆಡ್ಡನ್ನು ನನ್ನತ್ತ ದೂಡಿ, "ಇದು ಸೋಮವಾರಕ್ಕೆ ಬೇಕು. ನಿಮ್ಮಮ್ಮಂಗೆ ನೀನೇ ಹೇಳ್ಕೋ" ಅಂದರು.

ಹೇಳುತ್ತಿದ್ದೇನೆ. ಶನಿವಾರದ ಬಸ್ಸಿಗೆ ಕಾಯಬೇಡ.

ನಿನ್ನ ಮಾತು ಮೀರಿದ,
ನಿನ್ನದೇ ಮಗಳು

ಮರೆತಿದ್ದಲ್ಲ, ಬರೆಯಲು ಅಂಜಿದ್ದು: ಗಂಡಿನ ಮನೆಗೆ ಆಗಲೇ ನಾನೇ ಫೋನ್ ಮಾಡಿದೆ. ಲೆಕ್ಕ ಬರೆಯುವವಳಲ್ಲ, ವಾಲ್ವ್ ಉಜ್ಜುವವಳು, ಮುಂದೆಯೂ ಅದನ್ನೇ ಮಾಡುವವಳು. ನೋಡುವುದಿದ್ದರೆ ಗ್ಯಾರೇಜಿಗೇ ಬನ್ನಿ ಅಂದೆ. ಫೋನ್ ಇಟ್ಟು ಈ ಕಾಗದ ಬರೆಯಲು ಕೂತೆ. ಹೇಳಿ ಆಗಿತ್ತು.